ಕೆನ್ನೆಯ ವಿಭೂತಿ

ಮೊಮ್ಮಗಳ ಮುಖ ಕೆಟ್ಟದ್ದು ಒಂದು ಕ್ರೀಮಿನಿಂದ. ಭಾಲ್ಕಿಯ ಕಡೆ ಸಂಬಂಧ ಗೊತ್ತಾದ ಮೇಲೆ, ಹುಡುಗಿ ಇನ್ನಷ್ಟು ಬೆಳ್ಳಗಾಗಲಿ ಎಂದು ನನ್ನ ಸೊಸೆ ತಂದುಕೊಟ್ಟಿದ್ದಳು. ಮೊದಲು ಬೆಳ್ಳಗಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆನ್ನೆ ಕೆಂಪೇರಿ, ಒಲೆಯ ಮುಂದೆ ಕೂರಲಾರದಷ್ಟು ಉರಿ.

ಸಂತಪುರದಿಂದ ಬಸ್ಸು ಹತ್ತಿ ಬೀದರಿನ ಚರ್ಮದ ಡಾಕ್ಟರರಿಗೆ ತೋರಿಸಿದೆವು. ಅವರಲ್ಲಿ ಗದ್ದ ಊರಿ ಕೂರುವ ಪೆಟ್ಟಿಗೆಯಂಥದ್ದು ಒಂದಿದೆ. ಪ್ರತಿ ಸಲ ಅದೇ ಬೆಳಕಿನಲ್ಲಿ ಫೋಟೋ ತೆಗೆಯುತ್ತಾರೆ. ಮುಖ ಎಷ್ಟು ಕೆಂಪಿದೆ ಎಂದು ಕಂಪ್ಯೂಟರು ಅಳೆದು ಅಂಕಿ ತೋರಿಸುತ್ತದೆ. ನನಗೆ ಓದು ಬಾರದು, ಅಂಕಿ ಗೊತ್ತಾಗುತ್ತದೆ.

"ಕಣ್ಣಿಗಿ ದಿನಕ್ಕೊಂದು ಥರಾ ಕಾಣ್ತದ ಆಯಿ, ಇದಕ್ಕ ಹಂಗಿಲ್ಲ," ಎಂದರು ಡಾಕ್ಟರು. "ಕ್ರೀಮ್ ಬಿಟ್ಟುಬಿಡ್ರಿ. ಬಿಟ್ಟ ಮ್ಯಾಲ ಮೊದಲ ಕೆಂಪು ಹೆಚ್ಚಾಗ್ತದ, ಅಂಜಬ್ಯಾಡ್ರಿ. ಸಾವಕಾಶ ಇಳೀತದ."

ಎರಡನೆಯ ಸಲ ಹೋದಾಗ ಅಂಕಿ ಇಳಿದಿತ್ತು. ಡಾಕ್ಟರಿಗೆ ಖುಷಿಯಾಯಿತು, ನನಗಾಗಲಿಲ್ಲ. ಏರಬೇಕಾದದ್ದು ಇಳಿದರೆ ಹೇಗೆ? ಮನೆಯಲ್ಲಿ ಹುಡುಗಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡೇ ಇರುತ್ತಿದ್ದಳು.

ಮೂರನೆಯ ಸಲ ಹೊರಡುವಾಗ ಕಂಡೆ. ನಮ್ಮಲ್ಲಿ ವಿಭೂತಿ ಹಚ್ಚದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಸೊಸೆ ಮಗಳ ಹಣೆಗೆ ಮೂರು ಬೆರಳು ಎಳೆದು, ಉಳಿದದ್ದನ್ನು ಕೆನ್ನೆಗೆಲ್ಲ ತೆಳ್ಳಗೆ ತಿಕ್ಕಿದಳು. ಬಸ್ಸಿನಲ್ಲಿ ಮಂದಿ ನೋಡಬಾರದಲ್ಲ. ಹೋದ ಸಲವೂ ಹೀಗೇ ತಿಕ್ಕಿರಬೇಕು, ಅಂಕಿ ಇಳಿದದ್ದು ಅದಕ್ಕೇ.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು, "ಮಾರಿಗಿ ಪೌಡರ್ ಹಚ್ಚೀಯೇನು?"

"ಇಲ್ರಿ," ಎಂದಳು ಹುಡುಗಿ. ಸುಳ್ಳಲ್ಲ. ವಿಭೂತಿಯನ್ನು ಪೌಡರ್ ಎಂದು ನಮ್ಮ ಮನೆಯಲ್ಲಿ ಯಾರು ತಿಳಿಯುತ್ತಾರೆ?

ನಾನು ಸೆರಗು ತೋಯಿಸಿ ಅವಳ ಕೆನ್ನೆ ಒರೆಸಿದೆ.

"ಈಬತ್ತಿ ಒರಸ್ತೀರಲ್ಲ ಅತ್ತಿ," ಎಂದಳು ಸೊಸೆ.

"ಹಣಿ ಮ್ಯಾಗಿಂದು ಬಿಟ್ಟೀನಿ. ಕೆನ್ನಿ ಮ್ಯಾಗ ಯಾವ ದೇವರು ಕುಂತಾನ?"

ಅಂಕಿ ಮೊದಲ ದಿನಕ್ಕಿಂತ ಮೇಲೆ ಹೋಗಿತ್ತು. ಕ್ರೀಮ್ ಬಿಟ್ಟಿದ್ದೀಯಾ ಎಂದು ಡಾಕ್ಟರು ಕೇಳಿದರು.

"ಬಿಟ್ಟಿದ್ದೆರಿ. ಖಾರ ಅರದು ಹಚ್ಚಿದಂಗಾತು. ಮತ್ತ ಹಚ್ಕೊಂಡೀನ್ರಿ."

ಹೀಗೇ ಹಚ್ಚಿದರೆ ಚರ್ಮ ತೆಳ್ಳಗಾಗಿ ಮುಖ ಮತ್ತೆ ಸುಧಾರಿಸುವುದು ಕಷ್ಟ ಎಂದರು ಅವರು. ಹೊರಗೆ ಬಂದ ಮೇಲೆ ಸೊಸೆ ನನ್ನ ಕೈ ಹಿಡಿದಳು. "ಲಗ್ನ ಆಗೂತನಕ ಹಚ್ಚಲಿ ಅತ್ತಿ. ಆಮ್ಯಾಲ ಬಿಟ್ಟರಾತು."

"ಆಮ್ಯಾಲ ಮಾರಿ ಯಾರದು ತರ್ತಿ?"

ಊರ ಬಸ್ಸು ಬಿಟ್ಟು ಇಬ್ಬರನ್ನೂ ಕರೆದುಕೊಂಡು ಭಾಲ್ಕಿಯ ಬಸ್ಸು ಹತ್ತಿದೆ. ವರನ ತಾಯಿ ಹುಡುಗಿಯನ್ನು ಬಾಗಿಲ ಬೆಳಕಿಗೆ ಕರೆದು ನೋಡಿದಳು, ಫೋನಿನಲ್ಲಿದ್ದ ಹಳೆಯ ಫೋಟೋ ನೋಡಿದಳು.

"ಫೋಟೋದಾಗ ಹಿಂಗಿರ್ಲಿಲ್ಲಲ್ರಿ."

"ಅದು ನಿಮಗ ಚಂದ ಕಾಣಲಿ ಅಂತ ತೆಗದದ್ದು. ಮಾರಿ ಇದು. ಔಷಧ ನಡದದ. ಯಾವಾಗ ಇಳೀತದ ಗೊತ್ತಿಲ್ಲ. ಕಾಯ್ತೀವಿ ಅಂದ್ರ ಕಾಯ್ರಿ."

ಚಹಾ ಕೊಟ್ಟಳು. ಗಂಡಸರನ್ನು ಕೇಳಿ ಫೋನ್ ಮಾಡುತ್ತೇವೆ ಎಂದಳು.

ಫೋನ್ ಇನ್ನೂ ಬಂದಿಲ್ಲ. ಸೊಸೆ ನನ್ನ ಮುಂದೆ ತಾಟು ಕುಕ್ಕಿ ಹೋಗುತ್ತಾಳೆ. ಕ್ರೀಮಿನ ಡಬ್ಬಿಯನ್ನು ನಾನೇ ತಿಪ್ಪೆಗೆ ಎಸೆದು ಬಂದೆ. ಇವತ್ತು ಬೆಳಿಗ್ಗೆ ಹುಡುಗಿ ಅಂಗಳದಲ್ಲಿ ಮುಖ ಎತ್ತಿ ನಿಂತಳು.

"ಆಯಿ, ಕಡಿಮಿ ಆಗ್ಯದೇನು?"

"ಇಲ್ಲ," ಎಂದೆ. "ಹೆಚ್ಚಾಗ್ಯದ. ಮೊದಲ ಹಂಗೇ ಆಗ್ತದ ಅಂತ ಡಾಕ್ಟರು ಅಂದಿದ್ರಲ್ಲ."