ಎರಡು ಎಡಗಾಲಿನ ಬಾಗಿಲು

ನಮ್ಮ ಮನೆಯಲ್ಲಿ ಡಿಗ್ರಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ದೊಡ್ಡಪ್ಪ. ನಾನು ಹತ್ತನೇ ಕ್ಲಾಸು ಪಾಸಾದ ದಿನ, ನಾನೇ ಕೊಟ್ಟ ಪೇಡ ಬಾಯಲ್ಲಿಟ್ಟುಕೊಂಡು ಹೇಳಿದರು: "ಇಲ್ಲೀತನಕ ಸರಿ. ಇವಳೇನಾದ್ರೂ ಡಿಗ್ರಿ ಮುಗಿಸಿದ್ರೆ, ಆ ಸರ್ಟಿಫಿಕೇಟ್ ನೇತುಹಾಕೋ ಮೊಳೆ ನನ್ನ ಕೈಯಾರೆ ನಾನೇ ಹೊಡೀತೀನಿ."

ಅದು ಆಶೀರ್ವಾದವಲ್ಲ, ಪಂಥ. ದೊಡ್ಡಪ್ಪ ಮರಗೆಲಸದವರು. ಜಯನಗರದ ಎಷ್ಟೋ ಮನೆಗಳ ಬಾಗಿಲು ಅವರ ಕೈಯಲ್ಲಿ ಆದದ್ದು. ಶಾಲೆಯೊಳಗೆ ಕಾಲಿಟ್ಟದ್ದು ಮಾತ್ರ ಬೆಂಚು ರಿಪೇರಿಗೆ.

ಡಿಗ್ರಿ ಮುಗಿಯಿತು. ಮೂರು ವರ್ಷದ್ದು ಐದು ವರ್ಷಕ್ಕೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಬಟ್ಟೆ ಅಂಗಡಿ. ಗಣಿತದ ಒಂದು ಪೇಪರು ನನ್ನನ್ನು ಎರಡು ಸಲ ಕೆಡವಿ, ಮೂರನೇ ಸಲ ತಾನೇ ಸುಸ್ತಾಗಿ ಬಿಟ್ಟುಕೊಟ್ಟಿತು. ಬಿ.ಎಸ್ಸಿ., ನಮ್ಮ ವಂಶಕ್ಕೆ ಮೊದಲನೆಯದು. ಇದನ್ನು ಬರೆಯುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಆಗಲಿ ಬಿಡಿ.

ಸರ್ಟಿಫಿಕೇಟಿಗೆ ಅಂಗಡಿಯಲ್ಲಿ ಫ್ರೇಮ್ ಹಾಕಿಸಿ, ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಯ ಪಕ್ಕ ಇಟ್ಟೆ. ಮೊಳೆ ಹೊಡೆಯಬೇಕಾದವರು ಹೊಡೆಯದೆ ನೇತುಹಾಕುವುದಿಲ್ಲ ಎಂದು ನನ್ನ ಹಟ. ಅವರೋ, ಪ್ರತಿ ಭಾನುವಾರ ತ್ಯಾಗರಾಜನಗರದಿಂದ ಗಿರಿನಗರದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಮೊಳೆಯ ವಿಷಯ ಎತ್ತಿದರೆ, ನಾನು ಮಕ್ಕಳಿಗೆ ಟ್ಯೂಷನ್ ಮಾಡುವ ಒಳಕೋಣೆಯ ಬಾಗಿಲಿನ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಗಾರೆ ಉದುರಿ, ಅಂಚೆಲ್ಲ ಇಲಿ ಕಡಿದ ರೊಟ್ಟಿಯ ಹಾಗಿತ್ತು.

"ಇಂಥ ಹರಕುಬಾಯಿ ಬಾಗಿಲ ಮೇಲೆ ನಾನು ಮೊಳೆ ಹೊಡೆಯಲ್ಲ. ಮೊದಲು ಸುತ್ತ ಸಂದಿ ಮುಚ್ಚೋ ಒಳ್ಳೇ ಮರದ ಪಟ್ಟಿ ಹಾಕ್ಸು."

"ನೀವೇ ಹಾಕಿ ದೊಡ್ಡಪ್ಪ."

"ಮಂಡಿ ನೋವು."

"ಹಂಗಾದ್ರೆ ನಾನೇ ಹಾಕ್ತೀನಿ."

ನಕ್ಕ ರಭಸಕ್ಕೆ ಅವರಿಗೆ ಸಾರು ನೆತ್ತಿಗೇರಿತು. ಅಮ್ಮ ನೀರು ಕೊಟ್ಟಳು. "ಅದು ಓದಿದೋರ ಕೈಗೆ ಬರೋ ಕೆಲಸ ಅಲ್ಲ ಕಣಮ್ಮ," ಎಂದರು ಕಣ್ಣೊರೆಸಿಕೊಂಡು.

"ಬಂದ್ರೆ ಮೊಳೆ ಹೊಡೀತೀರಾ?"

"ಪಟ್ಟಿಗಳು ಕೂಡೋ ಮೂಲೆ ಸಂದೀಲಿ ನನ್ನ ಉಗುರು ಹೋಗಬಾರದು. ಹೋಗದೇ ಇದ್ರೆ, ಅವತ್ತೇ ಹೊಡೀತೀನಿ."

ಟೇಪು ಹಿಡಿದು ಬಾಗಿಲು ಅಳೆದೆ, ಚಿತ್ರ ಬರೆದೆ. ಮರುದಿನ ಸಾರಕ್ಕಿ ಕಡೆಯ ಮರದಂಗಡಿಗೆ ಹೋಗಿ, ಕೆಳಗಿನಿಂದ ಮೇಲಕ್ಕೆ ಬಳ್ಳಿ ಹತ್ತುವ ಕೆತ್ತನೆಯ ಮೂರು ಪಟ್ಟಿ ಆರಿಸಿದೆ. ನನಗಿಂತ ಎತ್ತರದ ಆ ಪಟ್ಟಿಗಳನ್ನು ತಬ್ಬಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರು ಮೇಲಿಂದ ಕೆಳಗೆ ನೋಡಿದರು. "ಮೇಡಂ, ನಿಮಗೆ ಫ್ರೀ. ಇವಕ್ಕೆ ಟಿಕೆಟ್ ಆಗುತ್ತೆ."

"ಇವೂ ಹೆಣ್ಣೇ ಸಾರ್. ಬಳ್ಳಿ ಇದೆ ನೋಡಿ."

"ಹಂಗಾದ್ರೆ ಆಧಾರ್ ತೋರ್ಸಿ."

ಇಡೀ ಬಸ್ಸು ನಕ್ಕಿತು. ಟಿಕೆಟ್ ತೆಗೆದುಕೊಂಡೆ.

ಭಾನುವಾರ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡು, ಮ್ಯಾಚ್ ನೋಡುವವರ ಹಾಗೆ ಕುಳಿತರು. ನಾನು ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು, ನಲವತ್ತೈದು ಡಿಗ್ರಿಗೆ ಗೆರೆ ಎಳೆದು, ಗರಗಸ ಇಳಿಸಿದೆ. ಮೊದಲ ಕಾಲು, ಅಂದರೆ ಬಾಗಿಲ ಪಕ್ಕದಲ್ಲಿ ನಿಲ್ಲುವ ಪಟ್ಟಿ, ಸೊಗಸಾಗಿ ಬಂತು. ಅದನ್ನೇ ಮಾದರಿಯಾಗಿಟ್ಟು ಎರಡನೆಯದನ್ನೂ ಕೊಯ್ದೆ. ಬಾಗಿಲಿನ ಎರಡೂ ಪಕ್ಕಕ್ಕೆ ನಿಲ್ಲಿಸಿ ಹಿಂದೆ ಸರಿದು ನೋಡಿದರೆ, ಎರಡರ ಓರೆಯೂ ಒಂದೇ ಕಡೆಗೆ. ತಿರುಗಿಸಿ ನಿಲ್ಲಿಸಿದರೆ ಬಳ್ಳಿ ತಲೆಕೆಳಗು.

"ಎರಡೂ ಎಡಗಾಲು," ಎಂದರು ದೊಡ್ಡಪ್ಪ.

"ಕೊಯ್ಯೋವಾಗ್ಲೇ ಗೊತ್ತಿತ್ತಾ ನಿಮಗೆ?"

"ಗರಗಸ ಎತ್ತಿದಾಗ್ಲೇ ಗೊತ್ತಾಯ್ತು."

"ಹೇಳಬಾರದಾ ಭಾವ?" ಎಂದಳು ಅಮ್ಮ.

"ಡಿಗ್ರಿ ಮಾಡಿದೋರು ಮಾತಾಡ್ತಿರೋವಾಗ ನಾನ್ಯಾಕೆ ಬಾಯಿ ಹಾಕ್ಲಿ?"

ಹಟಕ್ಕೆ ಬಿದ್ದೆ. ಹೆಚ್ಚಾಗಿ ಉಳಿದ ಎಡಗಾಲನ್ನು ಎರಡು ತುಂಡು ಮಾಡಿ, ಮೂಲೆಯನ್ನು ಪರೀಕ್ಷೆಗೆಂದು ಕೂಡಿಸಿ ನೋಡಿದೆ. ಟೇಬಲ್ಲಿನ ಮೇಲೆ ಚೆನ್ನಾಗಿ ಕೂತಿತು. ಬಾಗಿಲಿಗೆ ಹಿಡಿದರೆ ಹುಣಸೆಬೀಜ ತೂರುವಷ್ಟು ಸಂದಿ. ಮತ್ತೆ ಅಳೆದೆ. ನಲವತ್ತೈದೂ ನಲವತ್ತೈದೂ ಸೇರಿ ತೊಂಬತ್ತು. ನನ್ನ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ.

"ಲೆಕ್ಕ ಸರಿ ಇದೆ ದೊಡ್ಡಪ್ಪ!"

"ಇರಬಹುದು. ಆದ್ರೆ ಗೋಡೆ ಕಾಲೇಜಿಗೆ ಹೋಗಿಲ್ವಲ್ಲ."

ಚೌಕಟ್ಟಿನ ಮೂಲೆಗೆ ಕೋನಮಾಪಕ ಹಿಡಿದೆ. ತೊಂಬತ್ತಿರಲಿಲ್ಲ. ಮನೆ ಕಟ್ಟಿದವರು ಅಂದಾಜಿಗೆ ಕಟ್ಟಿದ್ದರು, ನಾನು ಅದರ ಮೇಲೆ ಸಿದ್ಧಾಂತ ಕೂರಿಸಲು ಹೊರಟಿದ್ದೆ.

ಆ ವಾರವೆಲ್ಲ ಯೋಚನೆ. ದೊಡ್ಡಪ್ಪ ಟೇಪು ಹಿಡಿದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಅಂಕಿ ಓದಲು ಬರದವರಿಗೆ ಟೇಪೇಕೆ? ಪೊರಕೆ ಕಡ್ಡಿಯೊಂದನ್ನು ಅಳತೆಗೆ ಮುರಿದುಕೊಳ್ಳುತ್ತಿದ್ದರು. ಮೂಲೆಗೆ ಬಂದಾಗ ಏನು ಮಾಡುತ್ತಿದ್ದರು? ಚಿಕ್ಕಂದಿನಲ್ಲಿ ಅವರು ಎಸೆದ ಮರದ ಚೂರು ಆರಿಸುತ್ತಾ ನೋಡಿದ್ದು ಟ್ಯೂಷನ್ನಿನ ನಡುವೆಯೇ ಹೊಳೆಯಿತು. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು, ಎರಡರ ಅಂಚುಗಳು ಒಳಗೆಲ್ಲಿ ಕೂಡುತ್ತವೆ, ಹೊರಗೆಲ್ಲಿ ಕೂಡುತ್ತವೆ ಎಂದು ಎರಡು ಚುಕ್ಕೆ ಇಟ್ಟು ಗೆರೆ ಎಳೆಯುತ್ತಿದ್ದರು. ಕೋನ ಎಷ್ಟೇ ಇರಲಿ, ಸರಿಯಾಗಿ ಅರ್ಧ! ಎದುರಿಗೆ ಕೂತ ಮಕ್ಕಳಿಗೆ ಕೈವಾರ ಕೊಟ್ಟು ಆಗ ನಾನು ಮಾಡಿಸುತ್ತಿದ್ದದ್ದೂ ಅದನ್ನೇ.

ಮತ್ತೆ ಅಂಗಡಿಗೆ ಹೋಗಿ ಎರಡು ಹೊಸ ಪಟ್ಟಿ ತಂದೆ. ಬಸ್ಸಿನಲ್ಲಿ ಅದೇ ಕಂಡಕ್ಟರು. "ಏನ್ ಮೇಡಂ, ಇವ್ರು ಅವರ ತಂಗೀರಾ?"

ಮುಂದಿನ ಭಾನುವಾರ ಎರಡು ಕಾಲು ನಿಲ್ಲಿಸಿ, ಅವುಗಳ ಮೇಲೆ ತಲೆಪಟ್ಟಿಯನ್ನು ಅಡ್ಡ ಹಿಡಿದೆ. ಅಮ್ಮ ಒಂದು ತುದಿಗೆ ಆಸರೆಯಾದಳು. ನಾನು ಪೆನ್ಸಿಲಿನಿಂದ ಮೊದಲ ಚುಕ್ಕೆ ಇಟ್ಟೆ. ಹಿಂದೆ ಕುರ್ಚಿ ಕಿರುಗುಟ್ಟಿತು. ಎರಡನೇ ಚುಕ್ಕೆ ಇಟ್ಟಾಗ, ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟದ್ದು ಕೇಳಿಸಿತು. ಕೊಯ್ದು, ಸಣ್ಣ ಮೊಳೆ ಹೊಡೆದು ಮುಗಿಸಿದೆ.

ಆಮೇಲೆ ದೊಡ್ಡಪ್ಪ ಸ್ಟೂಲು ಎಳೆದುಕೊಂಡು ತಾವೇ ಹತ್ತಿದರು. ಮಂಡಿ ನೋವು ಅಂದು ಎಲ್ಲಿಗೆ ಹೋಗಿತ್ತೋ. ಎಡಮೂಲೆಗೆ ಹೆಬ್ಬೆರಳಿನ ಉಗುರು ಒತ್ತಿದರು. ಹೋಗಲಿಲ್ಲ. ಬಲಮೂಲೆಗೆ ಒತ್ತಿದರು. ಉಗುರು ಸಾಲದೆಂದು ಜೇಬಿನಿಂದ ಬಸ್ ಟಿಕೆಟ್ ತೆಗೆದು ತೂರಿಸಲು ನೋಡಿದರು. ಟಿಕೆಟ್ ಮಡಚಿಕೊಂಡಿತು.

"ಯಾರು ಹೇಳ್ಕೊಟ್ರು?"

"ನೀವೇ."

"ನಾನ್ಯಾವಾಗ?"

"ನನಗೆ ಏಳು ವರ್ಷ ಇದ್ದಾಗ. ನೀವು ನೋಡ್ಲಿಲ್ಲ ಅಷ್ಟೇ."

ದೊಡ್ಡಪ್ಪ ಸ್ಟೂಲಿನ ಮೇಲಿಂದಲೇ ಕೈ ಚಾಚಿದರು. "ಸುತ್ತಿಗೆ."

ಮೂರೇ ಏಟು. ಬಾಗಿಲಿನ ನೆತ್ತಿಯ ಮೇಲೆ ಮೊಳೆ ಕೂತಿತು. ಬೀರು ತೆಗೆದು ಸರ್ಟಿಫಿಕೇಟ್ ತಂದು ಕೊಟ್ಟೆ. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಷರವನ್ನಲ್ಲ, ಫ್ರೇಮಿನ ನಾಲ್ಕು ಮೂಲೆಗಳನ್ನು. ಒಂದು ಮೂಲೆಯ ಸಂದಿಯಲ್ಲಿ ಅವರ ಉಗುರು ಸಲೀಸಾಗಿ ಇಳಿಯಿತು.

"ಇದನ್ನ ಮಾಡಿದೋನು," ಎಂದರು ದೊಡ್ಡಪ್ಪ, "ನಿನ್ನಷ್ಟು ಓದಿಲ್ಲ ಬಿಡು."