ಕೆಲಸಕ್ಕೆ ಬಾರದ ಡಾಕ್ಟರೇಟು

ನಲವತ್ತೈದು ದಾಟಿದ ಹೆಂಗಸು ಯೋಗ ಕಲಿಯಬಹುದು, ಕೇಕ್ ಮಾಡುವುದು ಕಲಿಯಬಹುದು, ಬೇಕಾದರೆ ಮಂಡಿನೋವೂ ಬರಿಸಿಕೊಳ್ಳಬಹುದು. ಸ್ಲಾವಿಕ್ ಸಾಹಿತ್ಯದಲ್ಲಿ ಪಿಎಚ್‌ಡಿ ಮಾತ್ರ ಮಾಡಬಾರದು. ಇದು ನನಗೆ ಗೊತ್ತಾಗಿದ್ದು ಪ್ರಾಗ್‌ನಲ್ಲಿ ಸೀಟು ಸಿಕ್ಕಿದ ಮೇಲೆ. ಶುಕ್ರವಾರದೊಳಗೆ ನಾನು ಒಪ್ಪಿಗೆ ತಿಳಿಸಬೇಕಿತ್ತು. ಮಲೇಷ್ಯಾದಲ್ಲಿ ನಾವಿರುವ ಸೈಬರ್‌ಜಯಾದ ಕನ್ನಡಿಗರಿಗೆ ಅಷ್ಟರೊಳಗೆ ನನ್ನನ್ನು ಕಾಪಾಡಬೇಕಿತ್ತು.

"ಸ್ಕೋಪ್ ಏನಿದೆ ಮೇಡಂ?" ಅಂದರು ನಮ್ಮ ಕಾಂಡೋದ ಮೇಲಿನ ಮನೆಯ ಶ್ರೀಧರ್. ರಷ್ಯನ್, ಪೋಲಿಷ್, ಚೆಕ್ ಎಲ್ಲ ಅಕ್ಕತಂಗಿಯರು, ನಮ್ಮ ಕನ್ನಡ, ತಮಿಳು, ತೆಲುಗಿನ ಹಾಗೆ ಅಂತ ವಿವರಿಸಿದೆ. "ಅದನ್ನೆಲ್ಲ ಈಗ ಎಐನೇ ಟ್ರಾನ್ಸ್‌ಲೇಟ್ ಮಾಡತ್ತಲ್ಲ!" ಅಂದರು. ಅವರ ಮಗನ ಇಂಗ್ಲಿಷನ್ನು ಊರಿನ ಅಜ್ಜಿಗೆ ತಿಳಿಸಲು ಮಾತ್ರ ಇನ್ನೂ ಅವರೇ ಬೇಕು. ಅದನ್ನು ನಾನು ಹೇಳಲಿಲ್ಲ. ನೋಡಿ, ನಾನೂ ಒಳ್ಳೆಯವಳೇ.

ನನ್ನ ವಿಷಯವಾದರೂ ಏನು? ಹಳೆಯ ರಷ್ಯನ್ ಕಾದಂಬರಿಗಳಲ್ಲಿ ಒಬ್ಬ ಗಂಡಸು ಪದೇ ಪದೇ ಬರುತ್ತಾನೆ. ಓದಿದವನು, ಮಾತಿನಮಲ್ಲ, ಒಂದು ಕಡ್ಡಿ ಎತ್ತಿ ಆಕಡೆ ಇಡದವನು. ಪಂಡಿತರು ಅವನನ್ನು 'ಹೆಚ್ಚುವರಿ ಮನುಷ್ಯ' ಅನ್ನುತ್ತಾರೆ. ಅವನ ಅಣ್ಣತಮ್ಮಂದಿರು ಪಕ್ಕದ ಭಾಷೆಗಳಲ್ಲಿ ಎಲ್ಲೆಲ್ಲಿದ್ದಾರೆ ಅಂತ ನಾನು ಹುಡುಕಬೇಕು. "ನನ್ನ ಬಗ್ಗೆ ಏನಾದ್ರೂ ಬರೀತಿದ್ದೀಯಾ?" ಅಂದ ನನ್ನ ಗಂಡ ಮೋಹನ, ಸೋಫಾದಿಂದ ಏಳದೆ.

ಗುರುವಾರ ಸಂಜೆ ಮಾಮಕ್ ಚಹಾದಂಗಡಿಯಲ್ಲಿ ಶ್ರೀಧರ್ ಮತ್ತವರ ಗೆಳೆಯರು ನೊರೆನೊರೆ ತೆ ತಾರಿಕ್ ಚಹಾ ಹೀರುತ್ತಾ, ನಾನು ಎದುರಿಗೇ ಕೂತಿದ್ದರೂ, ನನ್ನ ಭವಿಷ್ಯವನ್ನು ಮೋಹನನ ಜೊತೆ ಚರ್ಚಿಸಿದರು. "ಊಟಕ್ಕೇನು ಮಾಡ್ತೀರಿ? ದಿನಾ ಹೋಟೆಲಿಂದ ತಪಾವ್ ಕಟ್ಟಿಸ್ಕೊಂಡು ತಿಂದ್ರೆ ಆರೋಗ್ಯದ ಗತಿ?" ಮೂರನೇ ಲೋಟ ಬಂತು, ಪರಿಹಾರ ಬರಲಿಲ್ಲ. ಸಂಶೋಧನೆಗೆ ಪ್ರಾಗ್‌ವರೆಗೆ ಹೋಗಬೇಕೇ ಅಂತ ನನಗೆ ಮೊದಲ ಸಲ ಅನುಮಾನ ಬಂತು.

ನಗುತ್ತಿದ್ದೆ, ಒಳಗೆ ಮಾತ್ರ ಸಿಟ್ಟು ಬರುತ್ತಿತ್ತು. ವರ್ಷಗಟ್ಟಲೆ ಒಂದು ಆ್ಯಪ್‌ನ ಗುಂಡಿ ಒತ್ತಿ ಒತ್ತಿ ಪರೀಕ್ಷಿಸಿದವಳು ನಾನು. ಕೊನೆಗೆ ಕಂಪನಿಯೇ ಅದನ್ನು ಗುಜರಿಗೆ ಹಾಕಿತು. ಅದರ ಸ್ಕೋಪ್ ಏನು ಅಂತ ಒಬ್ಬರೂ ಕೇಳಿರಲಿಲ್ಲ. ಯಾರಿಗೂ ಬೇಡದ್ದನ್ನು ಸಂಬಳಕ್ಕೆ ಮಾಡಿದರೆ ಕರಿಯರ್, ಇಷ್ಟಪಟ್ಟು ಮಾಡಿದರೆ ಹುಚ್ಚು! ನನಗೆ ಆ ಕಾದಂಬರಿಗಳೆಂದರೆ ಪ್ರಾಣ, ಅಷ್ಟೇ.

ಮನೆಗೆ ಬಂದವಳೇ ಮೋಹನನ ಎದುರಿಗೇ ಒಪ್ಪಿಗೆ ಕಳಿಸಿಬಿಟ್ಟೆ. "ಫೈನಲಿ ಲಾ, ಅಮ್ಮ!" ಅಂದಳು ಮಗಳು, ಇಲ್ಲಿಯವರ ರಾಗದಲ್ಲಿ. ಜಗಳಕ್ಕೂ ಅಳುವುದಕ್ಕೂ ನಾನು ಸಿದ್ಧಳಾಗಿಯೇ ಕೂತೆ. ಮೋಹನ ಎದ್ದು ಅಡುಗೆಮನೆಗೆ ಹೋದ. ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು ಕೇಳಿತು.

"ಇದರಲ್ಲಿ ಸಾರಿನ ಪುಡಿ ಯಾವುದೇ?"

ಹೋಗಿ ತೋರಿಸಿದೆ. ಹುಣಿಸೆಹಣ್ಣು ಎಲ್ಲಿದೆ ಅಂತ ಮಾತ್ರ ಹೇಳಲಿಲ್ಲ. ಸಂಶೋಧನೆ ಅಂದಮೇಲೆ ಸ್ವಲ್ಪ ಅವನೂ ಹುಡುಕಲಿ.