ಬಂಡೂರಾಯರ ಗೆರೆ

ಖೂಬಾ ಪ್ಲಾಟ್ ಬಡಾವಣೆಯ ಸಂಖ್ಯಾಶಾಸ್ತ್ರದ ಮಾಸ್ತರು ಬಂಡೂರಾಯರಿಗೆ ಯಾರು ಏನೇ ಸಿಕ್ಕಿತೆಂದು ಹಿಗ್ಗಿದರೂ ಕೇಳುವುದು ಒಂದೇ: “ಎಷ್ಟು ಕಡೆ ಹುಡುಕಿದ ಮ್ಯಾಲ ಸಿಕ್ತರೀ?” ಮಗಳಿಗೆ ಮೂವತ್ತಾರು ಗುಣವೂ ಕೂಡಿದ ವರ ಸಿಕ್ಕನೆಂದಾಗ, ನೋಡಿದ ಜಾತಕಗಳ ಲೆಕ್ಕ ಕೇಳಿ ಹೆಂಡತಿ ಚಂದ್ರಾಬಾಯಿಯ ಮುಖ ಬಾಡಿಸಿದ್ದರು. ಕಮಲಾಪುರದ ಕೆಂಪು ಬಾಳೆಯ ಹತ್ತು ಸಾವಿರ ಜೀನ್‌ಗಳನ್ನು ಅಳೆದ ಸಂಶೋಧಕಿ ಮುನೀರಾ, ಸಿಪ್ಪೆಗೆ ಬಣ್ಣ ಕೊಡುವ ಆರುನೂರು ಸಿಕ್ಕವೆಂದು ಪೇಢೆ ತಂದಾಗಲೂ ಅಷ್ಟೇ. “ಏನೂ ಗೊತ್ತಿಲ್ಲದ ಹತ್ತು ಸಾವಿರ ಮಂದೀನ ಕೇಳಿದ್ರೂ ನೂರಕ್ಕ ಐದರಂಗ ಐನೂರು ಮಂದಿ ಸುಮ್ಮನ ಹೂಂ ಅಂತಾರವ್ವಾ,” ಎಂದು ಪೇಢೆ ತಿನ್ನುತ್ತಲೇ ಆಕೆಯ ಪಟ್ಟಿಗೆ ಗೆರೆ ಎಳೆದು, ಅನುಮಾನಕ್ಕೆ ಎಡೆಯಿಲ್ಲದ ನಲವತ್ತನ್ನಷ್ಟೇ ಉಳಿಸಿದರು. ಮುನೀರಾಳ ಕಣ್ಣು ತುಂಬಿತು. ಆಕೆ ಹೋದ ಮೇಲೆ, ಹೊಡೆದುಹಾಕಿದ ಜೀನ್‌ಗಳ ಹೆಸರುಗಳನ್ನೆಲ್ಲ ನೋಟುಬುಕ್ಕಿಗೆ ದುಂಡಗೆ ಇಳಿಸತೊಡಗಿದರು. ಯಾಕೆಂದು ಕೇಳಿದ ಚಂದ್ರಾಬಾಯಿಗೆ ಮೆಲ್ಲಗೆ ಹೇಳಿದರು: “ಇವರೊಳಗ ಖರೇ ಹೇಳಿದವರೂ ಇದ್ದಾರ. ಯಾರಂತ ನನಗ ಗೊತ್ತಿಲ್ಲ.”